ಕುಲುಮೆಯ ಹೆಸರು ಕೇಳುವುದು ಹೇಗೆ: ಸಣ್ಣ ಎಲೆಕ್ಟ್ರಾನಿಕ್ಸ್ ಘಟಕಗಳಿಗೆ ಜವಾಬ್ದಾರಿಯುತ ಖನಿಜ ಖರೀದಿಯ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ವಿಯೆಟ್ನಾಂನ ಅಗ್ಗದ ಕಾಳುಮೆಣಸು ಶ್ರೀಲಂಕಾದ ಮೂಲ ಪ್ರಮಾಣಪತ್ರ ಹೊತ್ತು ಭಾರತಕ್ಕೆ ಬರುತ್ತಿದೆ, ಇಲ್ಲಿನ ಮೆಣಸಿನೊಂದಿಗೆ ಬೆರೆತು ಇಲ್ಲಿನದೇ ಹೆಸರಿನಲ್ಲಿ ಮಾರಾಟವಾಗುತ್ತಿದೆ ಎಂಬ ದೂರು ಕೊಡಗಿನ ಬೆಳೆಗಾರರಿಂದ ಬಲವಾಗಿ ಕೇಳಿಬಂದಿತ್ತು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿಪಡಿಸಿದ್ದು ಇದೇ ಹಿನ್ನೆಲೆಯಲ್ಲಿ. ಚೀಲದೊಳಗೆ ಬೆರೆತ ಮೇಲೆ ಯಾವ ಕಾಳು ಯಾವ ಬಳ್ಳಿಯದೆಂದು ಕಣ್ಣಿನಿಂದ ನೋಡಿ ಹೇಳಲು ಸಾಧ್ಯವಿಲ್ಲ. ಆದ್ದರಿಂದ ಬೆರೆಯುವ ಜಾಗ ಯಾವುದೆಂದು ತಿಳಿದು, ಅಲ್ಲಿಯೇ ನಿಂತು ಪ್ರಶ್ನೆ ಕೇಳಬೇಕು. ಎಲೆಕ್ಟ್ರಾನಿಕ್ಸ್ ತಯಾರಿಕೆಯಲ್ಲಿ ಬಳಸುವ ಲೋಹಗಳ ವಿಷಯದಲ್ಲೂ ಮಾಡಬೇಕಾದ ಕೆಲಸ ಇದೇ. ಅಲ್ಲಿ ಬೆರೆಯುವ ಜಾಗವೆಂದರೆ ಅದಿರನ್ನು ಕರಗಿಸುವ ಕುಲುಮೆ, ಅಂದರೆ ಸ್ಮೆಲ್ಟರ್. ನಮ್ಮ ಕಾಫಿಗೆ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್ ಹೇಗೋ ತವರಕ್ಕೆ ಸ್ಮೆಲ್ಟರ್ ಹಾಗೆ: ನೂರಾರು ಕಡೆಗಳ ಸರಕು ಅದರೊಳಗೆ ಹೋಗುತ್ತದೆ, ಹೊರಬರುವಾಗ ಎಲ್ಲವೂ ಒಂದೇ ರೂಪದಲ್ಲಿರುತ್ತದೆ.

ಈ ಮಾರ್ಗದರ್ಶಿಯನ್ನು ದೊಡ್ಡ ಕಂಪನಿಗಳ ಸುಸ್ಥಿರತಾ ವಿಭಾಗಗಳಿಗಾಗಿ ಬರೆದಿಲ್ಲ. ಅವರ ಬಳಿ ಈ ಕೆಲಸಕ್ಕೆಂದೇ ಸಿಬ್ಬಂದಿ ಇದ್ದಾರೆ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಂಥ ಜಾಗದಲ್ಲಿ ನಲವತ್ತು ಜನರನ್ನು ಇಟ್ಟುಕೊಂಡು, ಆನೆ ತಡೆಯುವ ಸೋಲಾರ್ ಬೇಲಿಯ ಎನರ್ಜೈಸರ್, ಕಾಫಿಯ ತೇವಾಂಶ ಅಳೆಯುವ ಮೀಟರ್, ಜೊತೆಗೆ ಹೊರಗಿನ ಕಂಪನಿಗಳಿಗೆ ಸರ್ಕ್ಯೂಟ್ ಬೋರ್ಡ್ ಜೋಡಿಸಿಕೊಡುವ ಒಂದು ಘಟಕವನ್ನು ಊಹಿಸಿಕೊಳ್ಳಿ. ಒಂದು ಬೆಳಿಗ್ಗೆ ಯುರೋಪಿನ ಗ್ರಾಹಕರಿಂದ ‘ನಿಮ್ಮ ಖನಿಜಗಳ ಮೂಲ ತಿಳಿಸಿ’ ಎಂಬ ಇಮೇಲ್ ಬರುತ್ತದೆ. ಅದಕ್ಕೆ ಪ್ರಾಮಾಣಿಕವಾದ ಉತ್ತರವನ್ನು ಸಿದ್ಧಪಡಿಸುವ ಬಗೆ ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದೆ.

ಯಾವ ಲೋಹಗಳು, ಯಾವ ಕಾರಣಕ್ಕೆ

ಸಂಘರ್ಷ ಖನಿಜಗಳೆಂದು ಕರೆಯುವ ಪಟ್ಟಿಯಲ್ಲಿ ಮೊದಲಿನಿಂದ ಇರುವವು ನಾಲ್ಕು: ತವರ, ಟ್ಯಾಂಟಲಮ್, ಟಂಗ್‌ಸ್ಟನ್ ಮತ್ತು ಚಿನ್ನ. ತವರ ಕ್ಯಾಸಿಟರೈಟ್ ಅದಿರಿನಿಂದ, ಟ್ಯಾಂಟಲಮ್ ಕೋಲ್ಟಾನ್‌ನಿಂದ, ಟಂಗ್‌ಸ್ಟನ್ ವುಲ್ಫ್ರಮೈಟ್‌ನಂಥ ಅದಿರಿನಿಂದ ಬರುತ್ತದೆ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಪೂರ್ವ ಭಾಗದಲ್ಲಿ ಈ ಅದಿರುಗಳನ್ನು ಸಲಾಕೆ, ಗುದ್ದಲಿ ಹಿಡಿದು ಕೈಯಿಂದಲೇ ಅಗೆಯುವವರು ಲಕ್ಷಾಂತರ ಮಂದಿ. ಗಣಿಯ ಬಾಯಲ್ಲಿ, ರಸ್ತೆಯ ತಡೆಗಳಲ್ಲಿ ಸಶಸ್ತ್ರ ಗುಂಪುಗಳು ಅವರಿಂದ ಸುಂಕ ಕಸಿದುಕೊಂಡು, ಆ ಹಣದಿಂದ ಯುದ್ಧ ಮುಂದುವರಿಸುತ್ತಾ ಬಂದಿವೆ. 2024ರಲ್ಲಿ ಎಂ23 ಬಂಡುಕೋರ ಗುಂಪು ಉತ್ತರ ಕಿವು ಪ್ರಾಂತ್ಯದ ರುಬಾಯಾ ಪಟ್ಟಣವನ್ನೂ ಅಲ್ಲಿನ ಕೋಲ್ಟಾನ್ ಗಣಿಗಳನ್ನೂ ವಶಪಡಿಸಿಕೊಂಡಿತು. ಅಲ್ಲಿನ ಅದಿರು ಗಡಿ ದಾಟಿ ರುವಾಂಡಾದ ಸರಕಿನೊಂದಿಗೆ ಬೆರೆಯುತ್ತಿದೆ ಎಂದು ವಿಶ್ವಸಂಸ್ಥೆಯ ತಜ್ಞರ ತಂಡ ವರದಿ ಮಾಡಿತು. ಮೆಣಸಿನ ಕಥೆ ಬಲ್ಲವರಿಗೆ ಇದರ ಜಾಡು ಹೊಸದಲ್ಲ.

ಈ ನಾಲ್ಕರ ಜೊತೆಗೆ ಈಗ ಕೋಬಾಲ್ಟ್ ಮತ್ತು ಅಭ್ರಕವೂ ಸೇರಿವೆ. ಜಗತ್ತಿನ ಗಣಿಗಳಿಂದ ಹೊರಬರುವ ಕೋಬಾಲ್ಟ್‌ನಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಪಾಲು ಕಾಂಗೋದ್ದು. ಅದು ಲಿಥಿಯಂ ಅಯಾನ್ ಬ್ಯಾಟರಿಗಳಿಗೆ ಹೋಗುತ್ತದೆ. ಅಭ್ರಕ, ಅಂದರೆ ನಾವು ಚಿಕ್ಕಂದಿನಲ್ಲಿ ಆಯ್ದು ತಂದು ಪುಸ್ತಕದೊಳಗೆ ಇಡುತ್ತಿದ್ದ ಕಾಗೆಬಂಗಾರ, ಹೆಚ್ಚು ಚರ್ಚೆಗೆ ಬಂದಿರುವುದು ನಮ್ಮದೇ ದೇಶದ ಜಾರ್ಖಂಡ್, ಬಿಹಾರಗಳ ಕಾರಣಕ್ಕೆ. ಅದರ ಮಾತು ಮುಂದೆ ಬರುತ್ತದೆ.

ಕಾನೂನಿನ ಕೈ ಎಲ್ಲಿಯವರೆಗೆ ಚಾಚುತ್ತದೆ

ಅಮೆರಿಕದ ಡಾಡ್-ಫ್ರಾಂಕ್ ಕಾಯ್ದೆಯ 1502ನೇ ಸೆಕ್ಷನ್ 2010ರಲ್ಲಿ ಬಂತು. ಅಲ್ಲಿನ ಷೇರು ನಿಯಂತ್ರಣ ಆಯೋಗ 2012ರಲ್ಲಿ ಅದಕ್ಕೆ ನಿಯಮ ರೂಪಿಸಿತು. ಆ ಆಯೋಗಕ್ಕೆ ವರದಿ ಸಲ್ಲಿಸುವ ಕಂಪನಿಗಳು ತಮ್ಮ ಉತ್ಪನ್ನಗಳಲ್ಲಿರುವ ನಾಲ್ಕು ಲೋಹಗಳು ಕಾಂಗೋ ಅಥವಾ ಅದರ ಸುತ್ತಲಿನ ಒಂಬತ್ತು ದೇಶಗಳಿಂದ ಬಂದಿವೆಯೇ ಎಂದು ವಿಚಾರಿಸಿ, ಪ್ರತಿವರ್ಷ ಮೇ 31ರೊಳಗೆ ವರದಿ ನೀಡಬೇಕು. ಇಂತಿಷ್ಟು ಗ್ರಾಂಗಿಂತ ಕಡಿಮೆಯಿದ್ದರೆ ವಿನಾಯಿತಿ ಎಂಬ ಮಾತು ಅದರಲ್ಲಿಲ್ಲ. ಯುರೋಪಿಯನ್ ಒಕ್ಕೂಟದ 2017/821 ನಿಯಮ 2021ರ ಜನವರಿ 1ರಿಂದ ಅನ್ವಯವಾಗಿದೆ. ಅದು ಅದಿರು ಮತ್ತು ಲೋಹವನ್ನು ಆಮದು ಮಾಡಿಕೊಳ್ಳುವವರನ್ನು ಹಿಡಿಯುತ್ತದೆ, ಸಿದ್ಧ ಉಪಕರಣ ಆಮದು ಮಾಡಿಕೊಳ್ಳುವವರನ್ನಲ್ಲ. ಆದರೆ ಭೂಗೋಳದ ದೃಷ್ಟಿಯಿಂದ ಅದರ ವ್ಯಾಪ್ತಿ ದೊಡ್ಡದು, ಏಕೆಂದರೆ ಜಗತ್ತಿನ ಯಾವುದೇ ಸಂಘರ್ಷಪೀಡಿತ ಅಥವಾ ಹೆಚ್ಚು ಅಪಾಯದ ಪ್ರದೇಶ ಅದರೊಳಗೆ ಬರುತ್ತದೆ.

ಭಾರತದಲ್ಲಿ ಇಂಥದೇ ನೇರ ಕಾನೂನು ಇಲ್ಲ. ಆದರೆ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ ಕೇಳುವ, ಕಂಪನಿಯ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ಬಿಆರ್‌ಎಸ್‌ಆರ್ ವರದಿ 2022-23ರ ಆರ್ಥಿಕ ವರ್ಷದಿಂದ ಮೊದಲ ಸಾವಿರ ಲಿಸ್ಟೆಡ್ ಕಂಪನಿಗಳಿಗೆ ಕಡ್ಡಾಯವಾಗಿದ್ದು, ಸುಸ್ಥಿರ ಖರೀದಿಗೆ ನಿಮ್ಮಲ್ಲಿ ಕ್ರಮವಿದೆಯೇ, ಒಳಬರುವ ಸರಕಿನ ಶೇಕಡಾ ಎಷ್ಟು ಹಾಗೆ ಖರೀದಿಯಾಗಿದೆ ಎಂದು ಅದರ ಎರಡನೇ ತತ್ವ ಕೇಳುತ್ತದೆ. ಕೂಡ್ಲೂರಿನ ನಮ್ಮ ಘಟಕ ಈ ಯಾವ ಕಾನೂನಿನ ಅಡಿಯಲ್ಲೂ ನೇರವಾಗಿ ಬರುವುದಿಲ್ಲ. ಆದರೂ ಪ್ರಶ್ನೆ ಬರುತ್ತದೆ, ಏಕೆಂದರೆ ಕಾನೂನಿಗೆ ಒಳಪಟ್ಟ ಗ್ರಾಹಕ ಅದನ್ನು ಖರೀದಿ ಒಪ್ಪಂದದ ಒಂದು ಷರತ್ತಾಗಿ ಕೆಳಗೆ ದಾಟಿಸುತ್ತಾನೆ. ಕಾಫಿ ರಫ್ತುದಾರರ ಮೂಲಕ ಯುರೋಪಿನ ಅರಣ್ಯನಾಶ ತಡೆ ನಿಯಮ ಸಣ್ಣ ಬೆಳೆಗಾರನ ತೋಟದ ಅಕ್ಷಾಂಶ, ರೇಖಾಂಶದವರೆಗೆ ಇಳಿದದ್ದೂ ಇದೇ ದಾರಿಯಲ್ಲಿ.

ಎಲ್ಲ ಕಡೆಯೂ ಆಧಾರವಾಗಿರುವ ಪಠ್ಯವೊಂದಿದೆ: ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ, ಅಂದರೆ ಒಇಸಿಡಿ, 2011ರಲ್ಲಿ ಪ್ರಕಟಿಸಿ, 2016ರಲ್ಲಿ ಮೂರನೇ ಆವೃತ್ತಿಗೆ ತಂದ ಖನಿಜ ಪೂರೈಕೆ ಸರಪಳಿಯ ಮಾರ್ಗಸೂಚಿ. ವ್ಯವಸ್ಥೆ ಕಟ್ಟುವುದು, ಅಪಾಯ ಗುರುತಿಸುವುದು, ಅದಕ್ಕೆ ಪ್ರತಿಕ್ರಿಯಿಸುವುದು, ಸ್ವತಂತ್ರ ತಪಾಸಣೆ, ವಾರ್ಷಿಕ ವರದಿ ಎಂಬ ಐದು ಹಂತಗಳನ್ನು ಅದು ಹೇಳುತ್ತದೆ. ಸಣ್ಣ ಘಟಕಕ್ಕೆ ಹೊಂದುವಂತೆ ಅವುಗಳನ್ನು ಇಲ್ಲಿ ಏಳಾಗಿ ಬಿಡಿಸಿದ್ದೇನೆ.

ಮೊದಲ ಹೆಜ್ಜೆ: ಹೊಣೆ ಯಾರದೆಂದು ಬರೆದಿಡುವುದು

ಎಸ್ಟೇಟಿನಲ್ಲಿ ಚೆಕ್‌ರೋಲ್ ಬರೆಯಲು ಒಬ್ಬ ರೈಟರ್ ಇರುವಂತೆ, ಘಟಕದಲ್ಲಿ ಈ ಕಡತಕ್ಕೆ ಒಬ್ಬರೇ ಹೊಣೆಗಾರರಿರಬೇಕು. ಖರೀದಿ ವಿಭಾಗದವರನ್ನು ನೇಮಿಸುವುದೇ ಒಳ್ಳೆಯದು, ಏಕೆಂದರೆ ಪೂರೈಕೆದಾರರು ಉತ್ತರ ಕೊಡುವುದು ಪರ್ಚೇಸ್ ಆರ್ಡರ್ ಕೊಡುವವರಿಗೆ. ಗುಣಮಟ್ಟ ವಿಭಾಗದ ಪತ್ರಗಳು ಮೂಲೆ ಸೇರುವುದನ್ನು ಹಲವು ಬಾರಿ ಕಂಡಿದ್ದೇನೆ. ನೀತಿ ಪತ್ರ ಒಂದು ಪುಟ ಮೀರಬೇಕಾಗಿಲ್ಲ. ಯಾವ ಖನಿಜಗಳು ವ್ಯಾಪ್ತಿಯಲ್ಲಿವೆ, ಸಶಸ್ತ್ರ ಗುಂಪುಗಳಿಗೆ ನೆರವು, ಬಲವಂತದ ದುಡಿಮೆ, ಬಾಲಕಾರ್ಮಿಕ ಪದ್ಧತಿಯ ಅತಿ ಕೆಟ್ಟ ರೂಪಗಳನ್ನು ಸಹಿಸುವುದಿಲ್ಲವೆಂಬ ಮಾತು, ಪೂರೈಕೆದಾರರು ಏನು ಒದಗಿಸಬೇಕು, ದೂರು ಕೊಡುವವರು ಯಾರನ್ನು ಸಂಪರ್ಕಿಸಬೇಕು ಎಂಬಿಷ್ಟು ಇದ್ದರೆ ಸಾಕು. ದಾಖಲೆಗಳನ್ನು ಕನಿಷ್ಠ ಐದು ವರ್ಷ ಇಟ್ಟುಕೊಳ್ಳಬೇಕೆಂದು ಒಇಸಿಡಿ ಹೇಳುತ್ತದೆ. ಕೊಡಗಿನ ಮಳೆಗಾಲದಲ್ಲಿ ಕಾಗದಕ್ಕೆ ಏನಾಗುತ್ತದೆಂದು ತಿಳಿದೇ ಇದೆ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ.

ಎರಡನೇ ಹೆಜ್ಜೆ: ಬಿಒಎಂ ಪಟ್ಟಿಯಲ್ಲಿ ಲೋಹ ಹುಡುಕುವುದು

ಪ್ರತಿ ಉತ್ಪನ್ನದ ಬಿಡಿಭಾಗಗಳ ಪಟ್ಟಿಯನ್ನು, ಅಂದರೆ ಬಿಒಎಂ ಅನ್ನು ಮುಂದಿಟ್ಟುಕೊಂಡು, ಪ್ರತಿ ಸಾಲಿನ ಮುಂದೆ ನಾಲ್ಕು ಲೋಹ, ಕೋಬಾಲ್ಟ್ ಮತ್ತು ಅಭ್ರಕಕ್ಕೆ ಆರು ಕಾಲಂ ಹಾಕಿ. ಎಲ್ಲಿ ಯಾವುದಿದೆ ಎಂಬುದು ತಂತ್ರಜ್ಞರಿಗೆ ಬಹುತೇಕ ಗೊತ್ತೇ ಇರುತ್ತದೆ. ಸೋಲ್ಡರ್ ಎಂದರೆ ತವರ. ಸೀಸರಹಿತ ಎಸ್‌ಎಸಿ305 ಸೋಲ್ಡರ್‌ನಲ್ಲಿ ಶೇಕಡಾ 96.5 ತವರ, 3 ಬೆಳ್ಳಿ, 0.5 ತಾಮ್ರ ಇರುತ್ತದೆ. ಬಿಡಿಭಾಗಗಳ ಕಾಲುಗಳ ಮೇಲಿನ ಲೇಪನವೂ ಬಹುಪಾಲು ತವರವೇ. ಚಿನ್ನ ಐಸಿಗಳ ಒಳಗಿನ ಬಾಂಡ್ ತಂತಿಯಲ್ಲಿ, ಕನೆಕ್ಟರ್‌ಗಳಲ್ಲಿ, ಬೋರ್ಡಿನ ಇಎನ್‌ಐಜಿ ಲೇಪನದಲ್ಲಿ (ನಿಕ್ಕಲ್ ಮೇಲೆ ಹಚ್ಚುವ ತೆಳು ಚಿನ್ನದ ಪದರ) ಸಿಗುತ್ತದೆ. ಟ್ಯಾಂಟಲಮ್ ಆ ಹೆಸರಿನ ಕೆಪಾಸಿಟರ್‌ಗಳಲ್ಲಿದೆ. ಟಂಗ್‌ಸ್ಟನ್ ಐಸಿಗಳ ಒಳಪದರಗಳಲ್ಲಿ, ಮೊಬೈಲ್ ಫೋನಿನ ಕಂಪನ ಮೋಟಾರಿನಲ್ಲಿದೆ. ಬೋರ್ಡ್ ಕೊರೆಯುವ ಕಾರ್ಬೈಡ್ ಬಿಟ್‌ಗಳಲ್ಲೂ ಟಂಗ್‌ಸ್ಟನ್ ಉಂಟು, ಆದರೆ ಅದು ಉಪಕರಣ; ಗ್ರಾಹಕರ ಕೈಗೆ ಹೋಗುವ ಉತ್ಪನ್ನದಲ್ಲಿ ಉಳಿಯುವುದಿಲ್ಲವಾದ್ದರಿಂದ ಈ ಲೆಕ್ಕಕ್ಕೆ ಬರುವುದಿಲ್ಲ.

ತೂಕದ ಅಂದಾಜೂ ಬೇಕು, ಏಕೆಂದರೆ ಶ್ರಮ ಎಲ್ಲಿ ಹಾಕಬೇಕೆಂದು ಅದು ತೋರಿಸುತ್ತದೆ. ಒಂದು ಬೋರ್ಡಿಗೆ 6 ಗ್ರಾಂ ಸೋಲ್ಡರ್ ಹೋಗುತ್ತದೆ, ವರ್ಷಕ್ಕೆ 10,000 ಬೋರ್ಡ್ ಮಾಡುತ್ತೀರಿ ಎಂದುಕೊಳ್ಳೋಣ. ಅದು 60 ಕಿಲೋ ಸೋಲ್ಡರ್, ಅದರಲ್ಲಿ ತವರ 57.9 ಕಿಲೋ. ಇಷ್ಟನ್ನೂ ಬಾರ್, ವೈರ್, ಪೇಸ್ಟ್ ರೂಪದಲ್ಲಿ ಎರಡೋ ಮೂರೋ ಪೂರೈಕೆದಾರರಿಂದ ಕೊಂಡಿರುತ್ತೀರಿ. ಆ ಮೂವರಿಂದ ಸರಿಯಾದ ಉತ್ತರ ಪಡೆದರೆ ಘಟಕದ ಲೋಹದ ತೂಕದಲ್ಲಿ ಬಹುಪಾಲು ಮುಗಿದಂತೆ. ಇನ್ನುಳಿದ ನೂರಾರು ಬಿಡಿಭಾಗಗಳಲ್ಲಿ ಲೋಹ ಮಿಲಿಗ್ರಾಂಗಳ ಲೆಕ್ಕದಲ್ಲಿದೆ, ಆದರೆ ಪತ್ರವ್ಯವಹಾರದ ತೂಕವೆಲ್ಲ ಅಲ್ಲಿಯೇ ಇದೆ.

ಇಲ್ಲಿ ಒಂದು ಕಹಿ ಸತ್ಯ ಹೇಳಲೇಬೇಕು. ತುರ್ತಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಯಾರನ್ನಾದರೂ ಕಳಿಸಿ, ರೀಲಿನಿಂದ ಕತ್ತರಿಸಿದ ಬಿಡಿ ಕೆಪಾಸಿಟರ್‌ಗಳನ್ನು ಕವರಿನಲ್ಲಿ ತರಿಸಿಕೊಳ್ಳುವ ಅಭ್ಯಾಸ ನಮ್ಮ ಸಣ್ಣ ಘಟಕಗಳಲ್ಲಿ ಸಾಮಾನ್ಯ. ತಯಾರಕರ ಪಾರ್ಟ್ ನಂಬರ್, ಲಾಟ್ ನಂಬರ್, ಡೇಟ್ ಕೋಡ್ ಇರುವ ಲೇಬಲ್ ಇಲ್ಲದ ಸರಕಿಗೆ ಮೂಲ ಎಂಬುದೇ ಇರುವುದಿಲ್ಲ. ಅದನ್ನು ಸಂಪೂರ್ಣ ನಿಲ್ಲಿಸಲಾಗದಿದ್ದರೆ, ಕನಿಷ್ಠ ರೀಲ್ ಲೇಬಲ್ಲಿನ ಫೋಟೋ ತೆಗೆದು ತರಲು ಹೇಳಿ, ರಫ್ತಿಗೆ ಹೋಗುವ ಬೋರ್ಡುಗಳಿಗೆ ಅದನ್ನು ಬಳಸದಂತೆ ಸ್ಟೋರಿನಲ್ಲಿ ಬೇರೆ ಬಿನ್‌ನಲ್ಲಿ ಇಡಿ.

ಮೂರನೇ ಹೆಜ್ಜೆ: ಪೂರೈಕೆದಾರರನ್ನು ಕೇಳುವುದು

ಇದಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಉಚಿತ ನಮೂನೆಯೊಂದಿದೆ. ರೆಸ್ಪಾನ್ಸಿಬಲ್ ಮಿನರಲ್ಸ್ ಇನಿಶಿಯೇಟಿವ್, ಅಂದರೆ ಆರ್‌ಎಂಐ ಸಂಸ್ಥೆ ರೂಪಿಸಿರುವ ಸಿಎಂಆರ್‌ಟಿ ಎಂಬ ಎಕ್ಸೆಲ್ ಕಡತ ಅದು. ನಾಲ್ಕು ಲೋಹಗಳಿಗೆ ಸಿಎಂಆರ್‌ಟಿ. ಕೋಬಾಲ್ಟ್ ಮತ್ತು ಅಭ್ರಕದಂಥವಕ್ಕೆ ಇಎಂಆರ್‌ಟಿ. ನೀವೇ ಹೊಸ ಪ್ರಶ್ನಾವಳಿ ತಯಾರಿಸುವ ಉತ್ಸಾಹ ಬೇಡ. ನಿಮ್ಮ ಪೂರೈಕೆದಾರನಿಗೆ ಐವತ್ತು ಗ್ರಾಹಕರಿದ್ದಾರೆ. ಐವತ್ತು ಬಗೆಯ ನಮೂನೆ ಬಂದರೆ ಅವನು ಯಾವುದನ್ನೂ ಓದದೆ ಎಲ್ಲದಕ್ಕೂ ಸಹಿ ಹಾಕುತ್ತಾನೆ.

ಕಡತದ ಮೊದಲ ಮುಖ್ಯ ಹಾಳೆಯಲ್ಲಿ ಘೋಷಣೆ ಇರುತ್ತದೆ: ಈ ಲೋಹ ಉತ್ಪನ್ನಕ್ಕೆ ಉದ್ದೇಶಪೂರ್ವಕವಾಗಿ ಸೇರಿದೆಯೇ, ಉತ್ಪನ್ನದಲ್ಲಿ ಉಳಿದಿದೆಯೇ, ಕುಲುಮೆಗಳು ಕಾಂಗೋ ಮತ್ತು ನೆರೆಯ ದೇಶಗಳಿಂದ ಕೊಳ್ಳುತ್ತವೆಯೇ, ಇತರ ಅಪಾಯದ ಪ್ರದೇಶಗಳಿಂದ ಕೊಳ್ಳುತ್ತವೆಯೇ, ಎಲ್ಲವೂ ಮರುಬಳಕೆಯ ಲೋಹವೇ, ಎಷ್ಟು ಪೂರೈಕೆದಾರರು ಉತ್ತರಿಸಿದ್ದಾರೆ, ಎಲ್ಲ ಕುಲುಮೆಗಳನ್ನೂ ಗುರುತಿಸಿದ್ದೀರಾ ಎಂಬ ಸಾಲು ಪ್ರಶ್ನೆಗಳು. ಅದರ ನಂತರದ ಕುಲುಮೆಗಳ ಪಟ್ಟಿಯ ಹಾಳೆಯೇ ಈ ಕಡತದ ಜೀವ. ಪ್ರತಿ ಕುಲುಮೆಗೂ ಸಿಐಡಿ ಎಂದು ಆರಂಭವಾಗುವ ಗುರುತು ಸಂಖ್ಯೆ ಇರುತ್ತದೆ. ಕಡತದ ಕೊನೆಯ ಕಡೆ ತಪ್ಪು ತೋರಿಸುವ ಚೆಕರ್ ಹಾಳೆಯೂ ಉಂಟು. ಅದರಲ್ಲಿ ಕೆಂಪು ಬಣ್ಣ ಉಳಿದಿರುವ ಕಡತವನ್ನು ಸ್ವೀಕರಿಸಬೇಡಿ.

ದೊಡ್ಡ ಬಿಡಿಭಾಗ ತಯಾರಕರು ತಮ್ಮ ಸಿಎಂಆರ್‌ಟಿಯನ್ನು ಜಾಲತಾಣದಲ್ಲೇ ಇಟ್ಟಿರುತ್ತಾರೆ, ಅವರಿಗೆ ಪತ್ರ ಬರೆಯುವ ಅಗತ್ಯವಿಲ್ಲ. ವಿತರಕರಿಂದ ಕೊಂಡಿದ್ದರೂ ಬೇಕಾಗಿರುವುದು ತಯಾರಕರ ಕಡತವೇ, ವಿತರಕರದ್ದಲ್ಲ. ಉಳಿದವರಿಗೆ ಬರೆಯುವ ಪತ್ರ ಹೀಗಿರಲಿ:

“ಮಾನ್ಯರೇ, ತಾವು ನಮಗೆ ಪೂರೈಸುವ ಈ ಕೆಳಗಿನ ವಸ್ತುಗಳಲ್ಲಿ ತವರ, ಟ್ಯಾಂಟಲಮ್, ಟಂಗ್‌ಸ್ಟನ್ ಅಥವಾ ಚಿನ್ನ ಇರುವುದೆಂದು ನಾವು ಭಾವಿಸಿದ್ದೇವೆ. ದಯವಿಟ್ಟು ಸಿಎಂಆರ್‌ಟಿಯ ಚಾಲ್ತಿ ಆವೃತ್ತಿಯನ್ನು, ಸಾಧ್ಯವಿದ್ದರೆ ಈ ವಸ್ತುಗಳಿಗೆ ಸೀಮಿತವಾಗಿ, ಭರ್ತಿ ಮಾಡಿ ನಾಲ್ಕು ವಾರಗಳೊಳಗೆ ಕಳುಹಿಸಿ. ಕುಲುಮೆಗಳ ಹೆಸರು ಪೂರ್ತಿ ತಿಳಿಯದಿದ್ದಲ್ಲಿ ತಿಳಿದಷ್ಟನ್ನು ಬರೆದು, ಉಳಿದದ್ದನ್ನು ‘ತಿಳಿದಿಲ್ಲ’ ಎಂದೇ ನಮೂದಿಸಿ. ಅಪೂರ್ಣ ಉತ್ತರದ ಕಾರಣಕ್ಕೆ ಆರ್ಡರ್ ನಿಲ್ಲಿಸುವುದಿಲ್ಲ. ಅದಿರು ಇಂಥ ದೇಶದ್ದಲ್ಲ ಎಂಬ ಲೆಟರ್‌ಹೆಡ್ ಪತ್ರವನ್ನು ಉತ್ತರವೆಂದು ಪರಿಗಣಿಸಲಾಗುವುದಿಲ್ಲ.”

ಕೊನೆಯ ಎರಡು ವಾಕ್ಯಗಳನ್ನು ಬಿಡಬೇಡಿ. ಅವು ನನ್ನದೇ ತಪ್ಪಿನಿಂದ ಹುಟ್ಟಿದವು. ಈ ಕೆಲಸಕ್ಕೆ ಇಳಿದ ಮೊದಲ ವರ್ಷ, ಒಂದು ಘಟಕಕ್ಕಾಗಿ ಅರವತ್ತಕ್ಕೂ ಹೆಚ್ಚು ಪೂರೈಕೆದಾರರಿಂದ ‘ನಮ್ಮ ಉತ್ಪನ್ನ ಸಂಘರ್ಷಮುಕ್ತ’ ಎಂಬ ಸಹಿ, ಮೊಹರಿನ ಪತ್ರಗಳನ್ನು ತರಿಸಿ, ಬಾಕ್ಸ್ ಫೈಲಿನಲ್ಲಿ ಅಂದವಾಗಿ ಜೋಡಿಸಿ, ಗ್ರಾಹಕರ ಪ್ರತಿನಿಧಿಯ ಮುಂದಿಟ್ಟಿದ್ದೆ. ಅವರು ನಾಲ್ಕು ಹಾಳೆ ತಿರುವಿ, “ಇದರಲ್ಲಿ ಒಂದಾದರೂ ಸ್ಮೆಲ್ಟರ್ ಹೆಸರು ಇದೆಯೇ?” ಎಂದು ಕೇಳಿದರು. ಒಂದೂ ಇರಲಿಲ್ಲ. ಮೂರು ತಿಂಗಳ ಕೆಲಸವನ್ನು ಮೊದಲಿನಿಂದ ಮಾಡಬೇಕಾಯಿತು.

ನಾಲ್ಕನೇ ಹೆಜ್ಜೆ: ಬಂದ ಉತ್ತರವನ್ನು ಓದುವುದು

ಇಡೀ ಪ್ರಕ್ರಿಯೆಯಲ್ಲಿ ಬುದ್ಧಿ ಖರ್ಚಾಗಬೇಕಾದದ್ದು ಇಲ್ಲಿ. ಕಡತ ಬಂತು, ಗುರುತು ಹಾಕಿದೆವು, ಮುಂದಕ್ಕೆ ಕಳಿಸಿದೆವು ಎಂದಾದರೆ ನೀವು ಬರೀ ಅಂಚೆಯವರಾಗುತ್ತೀರಿ.

ಮೊದಲು ಲೋಹಶಾಸ್ತ್ರದ ಸಾಮಾನ್ಯ ಜ್ಞಾನವನ್ನು ಬಳಸಿ. ಸೋಲ್ಡರ್ ಮಾರುವವರು ತವರದ ಮುಂದೆ ‘ಇಲ್ಲ’ ಎಂದು ಬರೆದಿದ್ದರೆ ಅವರು ಪ್ರಶ್ನೆಯನ್ನೇ ಓದಿಲ್ಲ. ಇಎನ್‌ಐಜಿ ಬೋರ್ಡ್ ಕೊಡುವವರ ಪಟ್ಟಿಯಲ್ಲಿ ಚಿನ್ನದ ರಿಫೈನರಿ ಇಲ್ಲವೆಂದರೆ ಕಡತ ಅಪೂರ್ಣ. ಎರಡನೆಯದಾಗಿ, ಕುಲುಮೆಯ ಕಾಲಂನಲ್ಲಿ ಇರುವುದು ನಿಜಕ್ಕೂ ಕುಲುಮೆಯೇ ಎಂದು ನೋಡಿ. ಸೋಲ್ಡರ್ ಕಾರ್ಖಾನೆಯ ಹೆಸರು, ಲೋಹ ವ್ಯಾಪಾರಿಯ ಹೆಸರು, ಒಮ್ಮೊಮ್ಮೆ ಚಿನ್ನ ಮಾರಿದ ಬ್ಯಾಂಕಿನ ಹೆಸರೂ ಅಲ್ಲಿ ಬಂದು ಕುಳಿತಿರುತ್ತದೆ. ಸೋಲ್ಡರ್ ಕಾರ್ಖಾನೆ ತವರದ ಗಟ್ಟಿಯನ್ನು ಕರಗಿಸುತ್ತದೆ ನಿಜ, ಆದರೆ ಅದಿರಿನಿಂದ ಲೋಹ ತೆಗೆಯುವುದಿಲ್ಲ. ಮಡಿಕೇರಿಯಲ್ಲಿ ಕಾಫಿ ಪುಡಿ ಮಾಡುವ ಅಂಗಡಿಯನ್ನು ಕ್ಯೂರಿಂಗ್ ವರ್ಕ್ಸ್ ಎಂದು ಬರೆದಂತೆ ಅದು.

ಆಮೇಲೆ ಪ್ರತಿ ಹೆಸರನ್ನೂ ಸಿಐಡಿ ಸಂಖ್ಯೆಯ ಮೂಲಕ ಆರ್‌ಎಂಐ ಜಾಲತಾಣದ ಪಟ್ಟಿಯೊಂದಿಗೆ ಹೋಲಿಸಿ. ಆರ್‌ಎಂಎಪಿ ಎಂಬ ಸ್ವತಂತ್ರ ತಪಾಸಣಾ ಕಾರ್ಯಕ್ರಮದಲ್ಲಿ ತೇರ್ಗಡೆಯಾದ ಕುಲುಮೆಗಳು ‘ಕನ್‌ಫಾರ್ಮಂಟ್’, ತಪಾಸಣೆಗೆ ಒಪ್ಪಿಕೊಂಡು ಪ್ರಕ್ರಿಯೆಯಲ್ಲಿರುವವು ‘ಆಕ್ಟಿವ್’ ಎಂದು ಅಲ್ಲಿ ದಾಖಲಾಗಿರುತ್ತವೆ. ಒಇಸಿಡಿಯ ನಾಲ್ಕನೇ ಹಂತವಾದ ಸ್ವತಂತ್ರ ತಪಾಸಣೆ ನಿಮ್ಮ ಪಾಲಿಗೆ ನೆರವೇರುವುದು ಹೀಗೆಯೇ. ಕೂಡ್ಲೂರಿನಿಂದ ಇಂಡೊನೇಷ್ಯಾಕ್ಕೆ ತಪಾಸಕರನ್ನು ಕಳುಹಿಸಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಪಟ್ಟಿ ಬದಲಾಗುತ್ತಿರುತ್ತದೆ, ಕಳೆದ ವರ್ಷ ತೇರ್ಗಡೆಯಾದ ಕುಲುಮೆ ಈ ವರ್ಷ ಹೊರಬಿದ್ದಿರಬಹುದು. ನೋಡಿದ ದಿನಾಂಕವನ್ನು ಪಕ್ಕದಲ್ಲೇ ಬರೆಯಿರಿ.

ಪಟ್ಟಿಯಲ್ಲಿ ಇನ್ನೂರು, ಮುನ್ನೂರು ಕುಲುಮೆಗಳ ಹೆಸರು ಬಂದರೆ ಗಾಬರಿಪಡಬೇಡಿ. ತಯಾರಕರು ಇಡೀ ಕಂಪನಿಯ ಮಟ್ಟದಲ್ಲಿ ಉತ್ತರಿಸಿದಾಗ ಹಾಗಾಗುತ್ತದೆ. ನಿಮ್ಮ ಕೆಪಾಸಿಟರಿಗೆ ಸಂಬಂಧಿಸಿದವು ಅದರಲ್ಲಿ ಐದಾರು ಇರಬಹುದು. ಇದು ಸುಳ್ಳಲ್ಲ, ಆದರೆ ಉಪಯೋಗ ಕಡಿಮೆ. ಸೋಲ್ಡರ್‌ನಂಥ ಮುಖ್ಯ ಸರಕಿಗಾದರೂ ಉತ್ಪನ್ನ ಮಟ್ಟದ ಕಡತವನ್ನು ಪಟ್ಟುಹಿಡಿದು ಕೇಳಿ.

ತವರದ ವಿಷಯದಲ್ಲಿ ಕಾಂಗೋ ಒಂದನ್ನೇ ದಿಟ್ಟಿಸಿದರೆ ಉಳಿದದ್ದು ಕಣ್ತಪ್ಪುತ್ತದೆ. ಇಂಡೊನೇಷ್ಯಾದ ಬಾಂಕಾ, ಬೆಲಿಟುಂಗ್ ದ್ವೀಪಗಳಲ್ಲಿ ಸಮುದ್ರದ ತಳವನ್ನೇ ಬಗೆದು ತವರ ತೆಗೆಯುವುದರಿಂದ ಹವಳದ ದಿಬ್ಬಗಳೂ ಮೀನುಗಾರರ ಬದುಕೂ ಕೆಟ್ಟಿವೆ. ಮ್ಯಾನ್ಮಾರ್‌ನ ವಾ ಪ್ರದೇಶದ ತವರದ ಗಣಿಗಳು ಒಂದು ಸಶಸ್ತ್ರ ಸಂಘಟನೆಯ ಆಡಳಿತದಲ್ಲೇ ಇವೆ, ಅಲ್ಲಿನ ಅದಿರು ಚೀನಾದ ಕುಲುಮೆಗಳಿಗೆ ಹೋಗುತ್ತದೆ. ಅಮೆರಿಕದ ಕಾನೂನಿನ ಹತ್ತು ದೇಶಗಳ ಪಟ್ಟಿಯಲ್ಲಿ ಈ ಎರಡೂ ಇಲ್ಲ. ಯುರೋಪಿನ ಗ್ರಾಹಕರು ಮಾತ್ರ ಇದನ್ನೇ ಮೊದಲು ಕೇಳಬಹುದು.

ಚಿನ್ನದ್ದು ಬೇರೆಯೇ ರೋಗ. ಒಂದು ಕಿಲೋ ಚಿನ್ನ ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ. ಪೂರ್ವ ಕಾಂಗೋದ ಚಿನ್ನ ನೆರೆಯ ದೇಶಗಳ ಮೂಲಕ ಕೊಲ್ಲಿ ರಾಷ್ಟ್ರಗಳಿಗೆ ಕಳ್ಳದಾರಿಯಲ್ಲಿ ಸಾಗುವುದನ್ನು ವಿಶ್ವಸಂಸ್ಥೆಯ ವರದಿಗಳು ವರ್ಷಗಳಿಂದ ಹೇಳುತ್ತಾ ಬಂದಿವೆ. ಒಂದು ದೇಶ ತನ್ನ ಗಣಿಗಳಿಗೆ ಎಟುಕದಷ್ಟು ಚಿನ್ನ ರಫ್ತು ಮಾಡುತ್ತಿದ್ದರೆ ಅದು ಅಪಾಯದ ಚಿಹ್ನೆಯೆಂದು ಒಇಸಿಡಿ ಮಾರ್ಗಸೂಚಿ ಹೇಳುತ್ತದೆ. ತನ್ನ ಬಳ್ಳಿಗಳಲ್ಲಿ ಬಿಡದಷ್ಟು ಮೆಣಸು ಕಳಿಸುವ ದೇಶದ ಬಗ್ಗೆ ನಮ್ಮವರು ಎತ್ತಿದ್ದ ಆಕ್ಷೇಪವೂ ಇದೇ. ಚಿನ್ನಕ್ಕೆ ಆರ್‌ಎಂಐ ಪಟ್ಟಿಯ ಜೊತೆಗೆ ಲಂಡನ್ ಬುಲಿಯನ್ ಮಾರ್ಕೆಟ್ ಅಸೋಸಿಯೇಷನ್‌ನ ಪಟ್ಟಿಯನ್ನೂ ನೋಡಬಹುದು.

ಪ್ರಮಾಣಪತ್ರವೇ ಅಂತಿಮವೆಂದು ತಿಳಿಯುವುದೂ ಸರಿಯಲ್ಲ. ಗಣಿಯ ಬಳಿಯೇ ಚೀಲಕ್ಕೆ ಟ್ಯಾಗ್ ಕಟ್ಟಿ ಮೂಲ ಗುರುತಿಸುವ ಐಟಿಎಸ್‌ಸಿಐ ಎಂಬ ಯೋಜನೆ ಕಾಂಗೋ, ರುವಾಂಡಾಗಳಲ್ಲಿ ಬಹುಕಾಲದಿಂದ ಇದೆ. ಬೇರೆ ಗಣಿಗಳ ಅದಿರಿಗೂ ಅದೇ ಟ್ಯಾಗ್ ಬೀಳುತ್ತಿದೆ ಎಂಬ ಗಂಭೀರ ಆರೋಪಗಳು ಬಂದ ವರ್ಷವೇ, 2022ರಲ್ಲಿ, ಆರ್‌ಎಂಐ ತನ್ನ ಮಾನ್ಯತೆ ಪಡೆದ ಯೋಜನೆಗಳ ಪಟ್ಟಿಯಿಂದ ಅದನ್ನು ತೆಗೆಯಿತು. ಟ್ಯಾಗ್ ಇದೆ ಎಂದರೆ ಚೀಲದೊಳಗಿನದು ಅಲ್ಲಿಯದೇ ಎಂದಾಗುವುದಿಲ್ಲ.

ಐದನೇ ಹೆಜ್ಜೆ: ಅಪಾಯ ಕಂಡಾಗ ಏನು ಮಾಡಬೇಕು

ಪಟ್ಟಿಯಲ್ಲಿ ತೇರ್ಗಡೆಯಾಗದ ಕುಲುಮೆ ಕಂಡ ಕೂಡಲೇ ಪೂರೈಕೆದಾರನನ್ನು ಕೈಬಿಡುವುದು ಸುಲಭದ ದಾರಿ, ಮತ್ತು ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ದಾರಿ. 2010ರಲ್ಲಿ ಅಮೆರಿಕದ ಕಾಯ್ದೆ ಬಂದ ಹೊಸದರಲ್ಲಿ ಕಾಂಗೋದ ಅಧ್ಯಕ್ಷ ಜೋಸೆಫ್ ಕಬಿಲಾ ಆ ಸೆಪ್ಟೆಂಬರ್‌ನಿಂದ 2011ರ ಮಾರ್ಚ್‌ವರೆಗೆ ಉತ್ತರ ಕಿವು, ದಕ್ಷಿಣ ಕಿವು, ಮನಿಯೆಮಾ ಪ್ರಾಂತ್ಯಗಳಲ್ಲಿ ಕೈಗಣಿಗಾರಿಕೆಯನ್ನೇ ನಿಲ್ಲಿಸಿದರು. ನಿಷೇಧ ತೆರವಾದ ಮೇಲೂ ಕಾಗದದ ತೊಂದರೆಯೇ ಬೇಡವೆಂದು ಖರೀದಿದಾರರು ಆ ಪ್ರದೇಶದಿಂದ ದೂರ ಸರಿದರು. ಪೆಟ್ಟು ಬಿದ್ದದ್ದು ಅಗೆದು ಬದುಕುತ್ತಿದ್ದ ಕುಟುಂಬಗಳಿಗೆ, ಕಳ್ಳಸಾಗಣೆ ಮುಂದುವರಿಯಿತು. ತೋಟದ ಅಕ್ಷಾಂಶ ಕೊಡಲಾಗದ ಸಣ್ಣ ಬೆಳೆಗಾರರಿಂದ ಕಾಫಿಯನ್ನೇ ಕೊಳ್ಳುವುದಿಲ್ಲವೆಂದು ರಫ್ತುದಾರರೆಲ್ಲ ನಿರ್ಧರಿಸಿದರೆ ಸೋಮವಾರಪೇಟೆ ಕಡೆಯ ಎರಡೆಕರೆಯವರ ಗತಿ ಏನಾದೀತೆಂದು ಯೋಚಿಸಿದರೆ ಇದು ಅರ್ಥವಾಗುತ್ತದೆ. ಬಿಟ್ಟುಹೋಗದೆ ನಡೆಸಬಹುದೆಂಬುದಕ್ಕೂ ಉದಾಹರಣೆಯಿದೆ: 2011ರಲ್ಲಿ ಮೊಟೊರೋಲಾ ಸೊಲ್ಯೂಷನ್ಸ್ ಮತ್ತು ಕೆಪಾಸಿಟರ್ ತಯಾರಕ ಎವಿಎಕ್ಸ್ ಸೇರಿ ‘ಸೊಲ್ಯೂಷನ್ಸ್ ಫಾರ್ ಹೋಪ್’ ಎಂಬ ಯೋಜನೆಯಲ್ಲಿ ಕಾಂಗೋದ ಕಟಾಂಗಾದಿಂದಲೇ, ಗಣಿಯಿಂದ ಕೆಪಾಸಿಟರ್‌ವರೆಗೆ ಮುಚ್ಚಿದ ಕೊಳವೆಯಂತೆ ಜಾಡು ಹಿಡಿದು, ಟ್ಯಾಂಟಲಮ್ ತಂದರು.

ಆದ್ದರಿಂದ ಅಪಾಯವನ್ನು ದರ್ಜೆ ಮಾಡಿ. ಸಶಸ್ತ್ರ ಗುಂಪಿಗೆ ನೇರ ಅಥವಾ ಪರೋಕ್ಷ ನೆರವು ಇಲ್ಲವೇ ಘೋರ ಹಿಂಸೆಯ ನಂಬಲರ್ಹ ಸುದ್ದಿಯಿದ್ದರೆ ಒಇಸಿಡಿಯ ಎರಡನೇ ಅನುಬಂಧ ಹೇಳುವಂತೆ ಖರೀದಿಯನ್ನು ಕೂಡಲೇ ಅಮಾನತಿನಲ್ಲಿಡಬೇಕು ಅಥವಾ ನಿಲ್ಲಿಸಬೇಕು. ಲಂಚ, ತಪ್ಪು ಮೂಲ ಘೋಷಣೆ, ಭದ್ರತಾ ಪಡೆಗಳ ವಸೂಲಿಯಂಥ ವಿಷಯಗಳಲ್ಲಿ ಖರೀದಿ ಮುಂದುವರಿಸುತ್ತಲೇ ಅಥವಾ ತಾತ್ಕಾಲಿಕವಾಗಿ ನಿಲ್ಲಿಸಿ, ಗೊತ್ತಾದ ಗಡುವಿನೊಳಗೆ ಸುಧಾರಣೆ ಕೇಳಬಹುದು. ಬರೀ ಮಾಹಿತಿ ಇಲ್ಲದಿದ್ದರೆ ಮಾಹಿತಿ ಕೇಳಿ. ನಲವತ್ತು ಜನರ ಘಟಕದ ಮಾತನ್ನು ಚೀನಾದ ಕುಲುಮೆ ಕೇಳುತ್ತದೆಯೇ ಎಂದರೆ, ಇಲ್ಲ. ಆದರೆ ನಿಮ್ಮ ಸೋಲ್ಡರ್ ಪೂರೈಕೆದಾರ ಕೇಳುತ್ತಾನೆ, ಅದರಲ್ಲೂ ಅದೇ ಪೂರೈಕೆದಾರನಿಂದ ಕೊಳ್ಳುವ ಮೈಸೂರಿನ ಇನ್ನೂ ನಾಲ್ಕು ಘಟಕಗಳು ನಿಮ್ಮೊಂದಿಗೆ ಸಹಿ ಹಾಕಿದರೆ.

ವಿನ್ಯಾಸದಲ್ಲಿ ಲೋಹವನ್ನೇ ಬದಲಿಸುವ ದಾರಿಯೂ ಉಂಟು. ಹಲವು ಕಡೆ ಟ್ಯಾಂಟಲಮ್ ಬದಲಿಗೆ ಸೆರಾಮಿಕ್ ಅಥವಾ ಅಲ್ಯೂಮಿನಿಯಂ ಪಾಲಿಮರ್ ಕೆಪಾಸಿಟರ್ ಸಾಕಾಗುತ್ತದೆ. ಮೀಟರಿನ ಬ್ಯಾಟರಿಗೆ ಕೋಬಾಲ್ಟ್ ಇಲ್ಲದ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಬಳಸಬಹುದು. ತಾಂತ್ರಿಕ ಕಾರಣವಿದ್ದರೆ ಮಾಡಿ, ಕಾಗದ ತಪ್ಪಿಸಿಕೊಳ್ಳಲೆಂದೇ ಮಾಡಬೇಡಿ.

ಆರನೇ ಹೆಜ್ಜೆ: ಮನೆಬಾಗಿಲಿನ ಲೋಹ

ಎನರ್ಜೈಸರ್ ಬೋರ್ಡಿನಲ್ಲಿ ಪವರ್ ಟ್ರಾನ್ಸಿಸ್ಟರ್ ಮತ್ತು ಹೀಟ್ ಸಿಂಕ್ ನಡುವೆ ಮೈಕಾ ವಾಷರ್ ಇದ್ದರೆ ಅದು ಅಭ್ರಕ. ಜಾರ್ಖಂಡಿನ ಕೊಡರ್ಮಾ, ಗಿರಿಡೀಹ್, ಬಿಹಾರದ ನವಾದಾ ಕಡೆ ಹಳೆಯ ಗಣಿಗಳು ಕಾಗದದಲ್ಲಿ ಮುಚ್ಚಿದ್ದರೂ, ಢಿಬ್ರಾ ಎಂದು ಕರೆಯುವ ಚೂರು ಅಭ್ರಕವನ್ನು ಮಕ್ಕಳು ಸೇರಿದಂತೆ ಇಡೀ ಕುಟುಂಬಗಳು ಆಯುತ್ತವೆ. ಗುಂಡಿ ಕುಸಿದು ಸತ್ತವರಿದ್ದಾರೆ. ಇದನ್ನು ಸುಧಾರಿಸಲು ರೆಸ್ಪಾನ್ಸಿಬಲ್ ಮೈಕಾ ಇನಿಶಿಯೇಟಿವ್ 2017ರಿಂದ ಕೆಲಸ ಮಾಡುತ್ತಿದೆ. ಆಫ್ರಿಕಾದ ಬಗ್ಗೆ ಪುಟಗಟ್ಟಲೆ ಬರೆದು, ಎರಡು ರೂಪಾಯಿಯ ವಾಷರನ್ನು ಎಲ್ಲಿಂದ ತಂದೆವೆಂದು ಬರೆಯದ ವರದಿಗಳನ್ನು ನಾನು ಬಹಳ ನೋಡಿದ್ದೇನೆ.

ಘಟಕದಿಂದ ಹೊರಗೆ ಹೋಗುವ ಲೋಹವೂ ಇದೇ ಲೆಕ್ಕದ ಇನ್ನೊಂದು ಬದಿ. ವೇವ್ ಸೋಲ್ಡರಿಂಗ್ ಯಂತ್ರದ ಮೇಲೆ ಕಟ್ಟುವ ಕೆನೆಯಲ್ಲಿ, ಅಂದರೆ ಡ್ರಾಸ್‌ನಲ್ಲಿ, ಬಹುಪಾಲು ಒಳ್ಳೆಯ ತವರವೇ ಇರುತ್ತದೆ. ಅದನ್ನು ದಾರಿಹೋಕ ಗುಜರಿಯವರಿಗೆ ಕೊಡದೆ ಸೋಲ್ಡರ್ ತಯಾರಕರಿಗೇ ಹಿಂದಿರುಗಿಸಿ, ಬದಲಿಗೆ ಸೋಲ್ಡರ್ ಪಡೆಯುವ ವ್ಯವಸ್ಥೆ ಮಾಡಿಕೊಳ್ಳಬಹುದು. ಕೆಟ್ಟ ಬೋರ್ಡುಗಳಿಗೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಅನ್ವಯವಾಗುತ್ತವೆ; ನೋಂದಾಯಿತ ಮರುಬಳಕೆದಾರರಿಗೆ ಮಾತ್ರ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಬೇಲಿಗೆ ಕಟ್ಟುವ ಲೆಡ್ ಆಸಿಡ್ ಬ್ಯಾಟರಿಗಳಿಗೆ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಿವೆ. ಹಳೆಯ ಬ್ಯಾಟರಿ ತೋಟದ ಲೈನ್ ಮನೆಯ ಹಿಂದೆ ಒಡೆದು ಸೀಸ ತೆಗೆಯುವವರ ಕೈಸೇರಿದರೆ ಆ ಆಮ್ಲ ಹರಿಯುವುದು ತೋಡಿಗೆ, ತೋಡಿನಿಂದ ಕಾವೇರಿಗೆ. ಹೊಸ ಬ್ಯಾಟರಿ ಕೊಡುವಾಗ ಹಳೆಯದನ್ನು ಹಿಂದಕ್ಕೆ ಪಡೆಯುವ ಷರತ್ತನ್ನು ಬಿಲ್ಲಿನಲ್ಲೇ ಮುದ್ರಿಸಿ.

ಮರುಬಳಕೆಯ ತವರಕ್ಕೆ ಗಣಿಯ ಮೂಲ ಹುಡುಕುವ ಅಗತ್ಯ ಬರುವುದಿಲ್ಲ ಎಂಬುದು ನಿಜ. ಆದರೆ ಅದು ನಿಜಕ್ಕೂ ಗುಜರಿಯಿಂದ ಬಂದದ್ದೆಂದು ತೋರಿಸಬೇಕು. ‘ನೂರಕ್ಕೆ ನೂರು ಮರುಬಳಕೆ’ ಎಂಬ ಉತ್ತರ ಬಂದಲ್ಲೆಲ್ಲ ಕುಲುಮೆಯ ಹೆಸರನ್ನು ಮತ್ತೊಮ್ಮೆ ಕೇಳಿ.

ಏಳನೇ ಹೆಜ್ಜೆ: ವರದಿ, ಮತ್ತು ವರ್ಷದ ಲೆಕ್ಕ

ಎಲ್ಲ ಪೂರೈಕೆದಾರರ ಕಡತಗಳಿಂದ ಕುಲುಮೆಗಳನ್ನು ಒಟ್ಟುಗೂಡಿಸಿ, ಒಂದೇ ಕುಲುಮೆ ಎರಡು ಬಾರಿ ಬಾರದಂತೆ ಸಿಐಡಿ ಸಂಖ್ಯೆಯಿಂದ ವಿಂಗಡಿಸಿ, ನಿಮ್ಮದೇ ಸಿಎಂಆರ್‌ಟಿಯನ್ನು ತಯಾರಿಸಿ. ಜೊತೆಗೆ ಎರಡು ಪುಟದ ವರದಿ ಬರೆಯಿರಿ: ಎಷ್ಟು ಪೂರೈಕೆದಾರರನ್ನು ಕೇಳಿದಿರಿ, ಎಷ್ಟು ಜನ ಉತ್ತರಿಸಿದರು, ಎಷ್ಟು ಕುಲುಮೆಗಳು ಸಿಕ್ಕವು, ಅವುಗಳಲ್ಲಿ ತೇರ್ಗಡೆಯಾದವು ಎಷ್ಟು, ಉಳಿದವಕ್ಕೆ ಏನು ಮಾಡುತ್ತಿದ್ದೀರಿ. ಮೊದಲ ವರ್ಷ ಪೂರೈಕೆದಾರರಲ್ಲಿ ಅರ್ಧದಷ್ಟು ಜನ ಉತ್ತರಿಸಿದ್ದರೆ ಅರ್ಧ ಎಂದೇ ಬರೆಯಿರಿ. ಅನುಭವಿ ಗ್ರಾಹಕರು ಮೊದಲ ಪ್ರಯತ್ನದಲ್ಲೇ ಶೇಕಡಾ 100 ಎಂದು ಬರೆದವರನ್ನು ಅನುಮಾನದಿಂದ ನೋಡುತ್ತಾರೆ. ‘ಸಂಘರ್ಷಮುಕ್ತ’ ಎಂಬ ಪದವನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವ ಆಸೆ ಬೇಡ. ಅದನ್ನು ಸಾಬೀತುಪಡಿಸುವ ಹೊಣೆ ಮುದ್ರಿಸಿದವರದೇ ಆಗುತ್ತದೆ.

ಕಾಲದ ಲೆಕ್ಕಕ್ಕೆ ಕೊಡಗಿನ ಪಂಚಾಂಗವೇ ಅನುಕೂಲಕರ. ಮೇ ತಿಂಗಳಲ್ಲಿ ನಮೂನೆಯ ಹೊಸ ಆವೃತ್ತಿ ಬಂದಿದೆಯೇ ಎಂದು ನೋಡಿ, ಬಿಒಎಂ ಪರಿಷ್ಕರಿಸಿ, ಮಳೆ ಹಿಡಿಯುವ ಮೊದಲು ಪತ್ರಗಳನ್ನು ಕಳಿಸಿ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ವಿದ್ಯುತ್ ಹೋಗಿ ಬಂದು ಉತ್ಪಾದನೆ ಹೇಗೂ ನಿಧಾನವಾಗಿರುತ್ತದೆ. ಬಂದ ಉತ್ತರಗಳನ್ನು ಓದಲು, ಬಾರದವರಿಗೆ ನೆನಪೋಲೆ ಬರೆಯಲು ಅದು ಸರಿಯಾದ ಸಮಯ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಎರಡನೇ ಸುತ್ತಿನ ಪ್ರಶ್ನೆಗಳು ಹೋಗಲಿ. ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಕಡತ ಮುಗಿದಿರಬೇಕು, ಏಕೆಂದರೆ ಆಮೇಲೆ ಕೊಯ್ಲು ಶುರುವಾಗಿ ತೇವಾಂಶ ಮೀಟರುಗಳ ಆರ್ಡರ್ ಏರುತ್ತದೆ, ಅಮೆರಿಕದ ಮೇ 31ರ ಗಡುವನ್ನು ಮುಂದಿಟ್ಟುಕೊಂಡ ಗ್ರಾಹಕರ ಇಮೇಲ್‌ಗಳೂ ಜನವರಿಯಿಂದಲೇ ಬರತೊಡಗುತ್ತವೆ. ಆಗ ಕಳಿಸುವ ಕಡತದಲ್ಲಿ ಆವೃತ್ತಿ, ಸಹಿ ಮಾಡಿದವರ ಹೆಸರು, ಕುಲುಮೆಗಳ ಸ್ಥಿತಿಯನ್ನು ಪರಿಶೀಲಿಸಿದ ದಿನಾಂಕ ಈ ಮೂರೂ ಇವೆಯೇ ಎಂದು ಕಳಿಸುವ ಮುನ್ನ ಒಮ್ಮೆ ನೋಡಿಕೊಳ್ಳಿ.